ಒಂದು ಎಂಜಿನ್ ನಿಂತಾಗ

ಭಯಕ್ಕೆ ಮದ್ದು ತಿಳಿವಳಿಕೆ ಎಂಬ ಮಾತಿಗೆ ಇತಿಹಾಸದಿಂದ ಒಂದು ನಿದರ್ಶನ ಕೊಡಬಯಸುತ್ತೇನೆ.

೧೯೪೨ರಲ್ಲಿ ಅಮೆರಿಕದ ಫ್ಲಾರಿಡಾದ ಮ್ಯಾಕ್‌ಡಿಲ್ ನೆಲೆಯಲ್ಲಿ ಕಲಿಯುತ್ತಿದ್ದ ತರುಣ ವೈಮಾನಿಕರಿಗೆ ‘ಬಿ-೨೬ ಮರಾಡರ್’ ಬಾಂಬರ್ ಮೃತ್ಯುವಾಗಿ ಕಾಣುತ್ತಿತ್ತು. ಅದಕ್ಕೆ ಎಂಜಿನ್‌ಗಳು ಎರಡು. ಮೇಲೇರುವಾಗ ಒಂದು ನಿಂತರೆ, ಇನ್ನೊಂದರ ಸೆಳೆತವೇ ವಿಮಾನವನ್ನು ಸತ್ತ ಎಂಜಿನ್ನಿನ ಕಡೆಗೆ ತಿರುಗಿಸಿ ಉರುಳಿಸುತ್ತಿತ್ತು. ಹಲವರು ಪ್ರಾಣ ತೆತ್ತರು; ವಿಮಾನವನ್ನೇ ಕೈಬಿಡುವ ಮಾತೂ ಎದ್ದಿತು.

ಪರಿಶೀಲಿಸಲು ಬಂದ ಜೇಮ್ಸ್ ಡೂಲಿಟ್ಲ್, ಕೊರತೆ ಮುಖ್ಯವಾಗಿ ತರಬೇತಿಯದೆಂದು ಕಂಡರು. ತರುಣರ ಕಣ್ಣೆದುರೇ ಒಂದೇ ಎಂಜಿನ್ನಿನಲ್ಲಿ ಹಾರಿ ತೋರಿಸಿದರು. ಪಾಠ ಇಷ್ಟು: ವೇಗ ಕಳೆದುಕೊಳ್ಳದಿರು, ಜೀವಂತ ಎಂಜಿನ್ನಿನ ಕಡೆಯ ಪಾದದಿಂದ ಚುಕ್ಕಾಣಿ ಒತ್ತು, ಸತ್ತದ್ದರ ಪ್ರೊಪೆಲರ್ ಅಲಗುಗಳನ್ನು ಗಾಳಿಗೆ ಅಡ್ಡಬಾರದಂತೆ ತಿರುಗಿಸು.

ಮುಂದೆ ರೆಕ್ಕೆಗಳನ್ನೂ ಉದ್ದಮಾಡಿದರು. ಯೂರೋಪಿನ ಯುದ್ಧದಲ್ಲಿ ಅತಿ ಕಡಿಮೆ ನಷ್ಟ ಕಂಡ ಬಾಂಬರ್‌ಗಳಲ್ಲಿ ಮರಾಡರ್ ಒಂದಾಯಿತು. ಮೊದಲೇ ಹೀಗೆ ಕಲಿಸಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಎಂಬ ನೋವು ಮಾತ್ರ ನನ್ನಿಂದ ದೂರವಾಗದು.