ಗಿರಿಜನ ವಸತಿ ನೆರವು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಹಸಲರು, ಗೌಡಲು, ಮಲೆಕುಡಿಯ ಮೊದಲಾದ ಪರಿಶಿಷ್ಟ ಪಂಗಡಗಳಿಗೆ ಸರ್ಕಾರ ಮನೆ, ನಿವೇಶನ ಒದಗಿಸುತ್ತ ಬಂದ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಇಲ್ಲಿ ಮನೆ ಕಟ್ಟಲು ದುಡ್ಡು ಮಂಜೂರಾಗುವುದಕ್ಕಿಂತ, ಕಟ್ಟುವ ನೆಲಕ್ಕೆ ಹಕ್ಕುಪತ್ರ ಸಿಗುವುದೇ ದೊಡ್ಡ ತೊಡಕಾಗಿದೆ.

ಹಸಲರು ಬಹುಕಾಲ ಅಡಿಕೆ ತೋಟಗಳ ಆಳುಗಳಾಗಿದ್ದರು. ಮದುವೆಗೆಂದು ಪಡೆದ ಸಾಲಕ್ಕೆ ಕಟ್ಟುಬಿದ್ದು ಒಂದೇ ಒಡೆಯರಲ್ಲಿ ತಲೆಮಾರುಗಟ್ಟಲೆ ದುಡಿದವರೂ ಉಂಟು. ಅವರ ಬಿಡಾರ ಇರುತ್ತಿದ್ದುದು ತೋಟದಂಚಿನಲ್ಲಿ, ಒಡೆಯರ ಜಾಗದಲ್ಲೇ. ಅಡಿಕೆ ದಬ್ಬೆ ಕಟ್ಟಿ ಮಣ್ಣು ಮೆತ್ತಿದ ಗೋಡೆ, ಮೇಲೆ ಸೋಗೆ ಅಥವಾ ಹುಲ್ಲಿನ ಮಾಡು. ಮಳೆ ಹಿಡಿಯುವ ಮೊದಲೇ ಮಾಡಿಗೆ ಹೊಸ ಹೊದಿಕೆ ಹಾಕದಿದ್ದರೆ ಆಷಾಢದಲ್ಲಿ ಒಲೆ ಹೊತ್ತಿಸುವುದೂ ಕಷ್ಟ. ಗೌಡಲು, ಮಲೆಕುಡಿಯರದು ಹೆಚ್ಚಾಗಿ ಕಾಡಿನಂಚಿನ, ಕಾಡೊಳಗಿನ ಒಂಟಿಮನೆಗಳು. ಜೇನು, ಸೀಗೆ, ರಾಮಪತ್ರೆ, ತುಸು ಗದ್ದೆ, ಉಳಿದಂತೆ ಕೂಲಿ. ಒಬ್ಬರ ಮನೆಯಡಿಯ ನೆಲ ಒಡೆಯರದು, ಇನ್ನೊಬ್ಬರದು ಅರಣ್ಯ ಇಲಾಖೆಯದು. ಮುಂದೆ ಬಂದ ಪ್ರತಿಯೊಂದು ಯೋಜನೆಯೂ ಈ ಎರಡರಲ್ಲಿ ಒಂದಕ್ಕೆ ಎಡವಿದೆ.

ದೇವರಾಜ ಅರಸು ಆಡಳಿತದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಭೂಮಿ ದಕ್ಕಿದ್ದು ಗೇಣಿದಾರರಿಗೆ. ಹಸಲರು ಗೇಣಿದಾರರಲ್ಲ, ಆಳುಗಳು. ಕೃಷಿ ಕೂಲಿಕಾರರು ವಾಸವಿರುವ ಮನೆಯನ್ನು ಅವರ ಹೆಸರಿಗೇ ಮಾಡಿಕೊಡಲು ಅದೇ ಕಾಯ್ದೆಯ 38ನೇ ಕಲಂನಲ್ಲಿ ಅವಕಾಶವಿತ್ತು. ಆದರೆ ಒಡೆಯರ ಜಾಗ ಕೇಳಿ ಅರ್ಜಿ ಹಾಕಿದವನಿಗೆ ಮರುದಿನದ ಕೂಲಿ ಎಲ್ಲಿಂದ ಬರಬೇಕು? 1976ರಲ್ಲಿ ಜೀತ ರದ್ದಾಯಿತು. ಅರಸು ಕಾಲದ ಜನತಾ ಮನೆಗಳು ಬಡವರಿಗೆ ಸರ್ಕಾರ ಮನೆ ಕಟ್ಟಿಕೊಡುತ್ತದೆ ಎಂಬ ಮಾತನ್ನು ಮಲೆನಾಡಿಗೂ ತಂದವು. ಐದನೇ ಪಂಚವಾರ್ಷಿಕ ಯೋಜನೆಯಲ್ಲಿ ಗಿರಿಜನ ಉಪಯೋಜನೆ ಆರಂಭವಾಗಿ, ಚಿಕ್ಕಮಗಳೂರು ಜಿಲ್ಲೆಗೂ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಬಂತು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿತವಾದ ಪ್ರದೇಶ ಇಲ್ಲ. ಆ ಪ್ರದೇಶಗಳ ಗ್ರಾಮಸಭೆಗಳಿಗಿರುವ ವಿಶೇಷ ಅಧಿಕಾರ ಇಲ್ಲಿನ ಗಿರಿಜನರಿಗೆ ದಕ್ಕದಿರುವುದಕ್ಕೆ ಇದೇ ಕಾರಣ.

ಕೇಂದ್ರದ ಇಂದಿರಾ ಆವಾಸ್ 1985ರಲ್ಲಿ, ರಾಜ್ಯದ ಆಶ್ರಯ ಯೋಜನೆ 1991–92ರಲ್ಲಿ ಶುರುವಾದವು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಆಯಿತು. ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ನೆರವು ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ರೂಪಾಯಿ. ಹಣ ಒಟ್ಟಿಗೆ ಬರುವುದಿಲ್ಲ. ಬುನಾದಿ, ಲಿಂಟಲ್, ಚಾವಣಿ ಎಂದು ಹಂತ ಹಂತಕ್ಕೆ ಜಿಪಿಎಸ್ ಫೋಟೊ ತೆಗೆದು ಕಳಿಸಿದ ಮೇಲೆ ಕಂತು ಖಾತೆಗೆ ಬೀಳುತ್ತದೆ. ಜೀಪು ಮಾತ್ರ ಹತ್ತುವ ದಾರಿಯಲ್ಲಿ ಜಂಬಿಟ್ಟಿಗೆ, ಮರಳು, ಸಿಮೆಂಟು ಸಾಗಿಸಿ, ಮಳೆಗಾಲಕ್ಕೆ ಮೊದಲು ಚಾವಣಿ ಮುಗಿಸಬೇಕು. ಒಂದು ಕಂತು ತಡವಾದರೆ ಒಂದು ಮಳೆಗಾಲವಿಡೀ ಗೋಡೆ ನೆನೆಯುತ್ತ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕೂತು ಗೆರೆ ಎಳೆದ ವೇಳಾಪಟ್ಟಿಗೆ ಈ ಮಳೆಯ ಲೆಕ್ಕ ಸಿಕ್ಕಿಲ್ಲ.

ಕಾಡಿನ ಕಡೆಯ ಕಥೆ ಇನ್ನೂ ಬಿಗಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯಭೂಮಿಯಲ್ಲಿ ನಿವೇಶನ ಕೊಡುವುದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 1987ರಲ್ಲಿ ಮೊದಲ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಸೀಮೆ ಅದರೊಳಗೆ ಬಂತು. ಒಕ್ಕಲೆಬ್ಬಿಸುತ್ತಾರೆಂಬ ಭಯದಿಂದ ಹುಟ್ಟಿದ ಪ್ರತಿಭಟನೆಯ ನೆಲದಲ್ಲೇ ನಕ್ಸಲ್ ಚಳವಳಿ ಬೇರುಬಿಟ್ಟಿತು. 2005ರ ಫೆಬ್ರುವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ ರಸ್ತೆ, ಸೇತುವೆ, ಮನೆಗಳ ಮಾತು ಜೋರಾಯಿತು. ಬಂದೂಕು ಸದ್ದು ಮಾಡುವವರೆಗೆ ಈ ಊರುಗಳ ಮಾಡು ಸೋರುವುದು ಯಾರ ಕಿವಿಗೂ ಬೀಳಲಿಲ್ಲವೆಂಬುದು ನೋವಿನ ಸಂಗತಿ. 2025ರ ಜನವರಿಯಲ್ಲಿ ಶೃಂಗೇರಿ ಕಡೆಯ ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಶರಣಾದರು. ನರಸಿಂಹರಾಜಪುರದ ಕಡೆ ನೆಲ ಕಸಿದದ್ದು ನೀರು: ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ; ನಿಯಮಗಳು 2008ರ ಜನವರಿ 1ರಿಂದ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ನೆಲೆಸಿದ ಗಿರಿಜನ ಕುಟುಂಬಕ್ಕೆ ವಾಸಕ್ಕೂ ಸಾಗುವಳಿಗೂ 4 ಹೆಕ್ಟೇರ್‌ವರೆಗೆ ಹಕ್ಕು ಸಿಗಬಹುದು. ಅರ್ಜಿ ಇತ್ಯರ್ಥವಾಗುವವರೆಗೆ ಎಬ್ಬಿಸುವಂತಿಲ್ಲ. ಸರ್ಕಾರಿ ಕಂದಾಯ ಜಾಗದಲ್ಲಿದ್ದವರಿಗೆ ಭೂಕಂದಾಯ ಕಾಯ್ದೆಯ 94ಸಿ ದಾರಿ ಇದೆ. ಆದರೆ ಮಲೆನಾಡಿನಲ್ಲಿ ಒಂದೇ ಸರ್ವೆ ನಂಬರು ಕಂದಾಯ ಇಲಾಖೆಯ ಪಹಣಿಯಲ್ಲೂ ಅರಣ್ಯ ಇಲಾಖೆಯ ನಕ್ಷೆಯಲ್ಲೂ ಇರುವುದುಂಟು. ಜಂಟಿ ಸರ್ವೆ ಮುಗಿಯದೆ ಪಂಚಾಯಿತಿ ಮನೆಯ ಕಾಮಗಾರಿ ಆದೇಶ ಕೊಡುವುದಿಲ್ಲ. ಗ್ರಾಮಸಭೆಯಲ್ಲಿ ಆಯ್ಕೆಯಾದ ಹೆಸರು ಪಟ್ಟಿಯಲ್ಲೇ ಕೂರುತ್ತದೆ.

2023ರ ನವೆಂಬರ್‌ನಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆ ಮನೆಯೊಂದಕ್ಕೆ 2 ಲಕ್ಷ ರೂಪಾಯಿ ಕೊಡುತ್ತದೆ. ಅದು ಅತಿ ಹಿಂದುಳಿದ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ಹಸಲರು, ಗೌಡಲು, ಮಲೆಕುಡಿಯರು ಅದರ ಹೊರಗಿದ್ದಾರೆ. 2024ರ ಅಕ್ಟೋಬರ್ 2ರಂದು ಚಾಲನೆಗೊಂಡ ಧರ್ತಿ ಆಬಾ ಅಭಿಯಾನ ಉಳಿದ ಪರಿಶಿಷ್ಟ ಪಂಗಡಗಳನ್ನೂ ಒಳಗೊಂಡು, ಪಕ್ಕಾ ಮನೆಯ ಜೊತೆಗೆ ಅರಣ್ಯ ಹಕ್ಕಿನ ಬಾಕಿ ಅರ್ಜಿಗಳ ಕೆಲಸವನ್ನೂ ತನ್ನ ಕಾರ್ಯಪಟ್ಟಿಗೆ ಸೇರಿಸಿಕೊಂಡಿದೆ.