ಆಧಾರ ಕೇಳಿದ ಒಂದು ಕಾಗದ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಪಚ್ಚೆಲಿಂಗವೊಂದಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ನಂಜುಂಡನ ಕೃಪೆಯಿಂದ ವಾಸಿಯಾಯಿತು, ಅವನೇ ಈ ಲಿಂಗವನ್ನು ಅರ್ಪಿಸಿ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದ ಎಂಬ ಐತಿಹ್ಯ ನಂಜನಗೂಡು, ದೇವನೂರು ಸೀಮೆಯಲ್ಲಿ ಪ್ರಚಲಿತ. ಅದೇ ಟಿಪ್ಪುವಿನ ಬಗ್ಗೆ ದೂರದ ಅಲಹಾಬಾದಿನ ಮಕ್ಕಳು ಓದುತ್ತಿದ್ದುದೇ ಬೇರೆ.

1928ರಲ್ಲಿ ಅಲ್ಲಿ ಸಂಶೋಧನೆಯಲ್ಲಿ ತೊಡಗಿದ್ದ ಬಿ.ಎನ್. ಪಾಂಡೆಯವರ ಕೈಗೆ ಒಂದು ಪಠ್ಯಪುಸ್ತಕ ಸಿಕ್ಕಿತು. ಟಿಪ್ಪು ಬಲವಂತವಾಗಿ ಮತಾಂತರಿಸಲು ಹೊರಟದ್ದರಿಂದ 3,000 ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರೆಂದು ಅದರಲ್ಲಿತ್ತು. ಬರೆದವರು ಹೆಸರಾಂತ ವಿದ್ವಾಂಸ ಹರಪ್ರಸಾದ ಶಾಸ್ತ್ರಿ. ಪಾಂಡೆ ಆಧಾರ ಕೇಳಿ ಕಾಗದ ಬರೆದರು. ಹಲವು ಬಾರಿ ನೆನಪಿಸಿದ ಮೇಲೆ ಬಂದ ಉತ್ತರ: ಮೈಸೂರು ಗೆಜೆಟಿಯರ್. ಪಾಂಡೆ ಅಷ್ಟಕ್ಕೇ ಬಿಡದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅವರಿಗೆ ಬರೆದರು. ಸೀಲ್ ಅದನ್ನು ಪ್ರೊ. ಶ್ರೀಕಂಠಯ್ಯನವರಿಗೆ ಕಳುಹಿಸಿದರು. ಗೆಜೆಟಿಯರಿನಲ್ಲಿ ಅಂಥ ಸಂಗತಿ ಎಲ್ಲೂ ಇಲ್ಲವೆಂದು ಅವರು ಉತ್ತರಿಸಿದರು. 1977ರಲ್ಲಿ ರಾಜ್ಯಸಭೆಯಲ್ಲಿ ಪಾಂಡೆಯವರೇ ಇದನ್ನು ವಿವರಿಸಿದರು.

ಇಲ್ಲದ ಆಧಾರವನ್ನು ಇದೆಯೆಂದು ತೋರಿಸುವುದು ವಿದ್ವತ್ತಿಗೆ ಬಗೆದ ದ್ರೋಹ. ಅದು ಪಠ್ಯಪುಸ್ತಕಕ್ಕೆ ಇಳಿದಾಗ ಮಕ್ಕಳ ಮನಸ್ಸಿನಲ್ಲಿ ನೆರೆಯವನ ಚಿತ್ರವೇ ಕೆಡುತ್ತದೆ.

ಸರಿಯಾದ ದಾರಿಯ ಮೇಲ್ಪಂಕ್ತಿ ನಮ್ಮ ನಾಡಿನಲ್ಲೇ ಇದೆ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೇ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲೂಕುಗಳ ಶಾಸನಗಳಿವೆ. ಶಾಸನದ ಪಾಠವನ್ನೂ ಅನುವಾದವನ್ನೂ ರೈಸ್ ಒಟ್ಟಿಗೆ ಕೊಟ್ಟರು. ಹಾಗಾಗಿ ಅವರ ಓದನ್ನು ಯಾರಾದರೂ ಪರೀಕ್ಷಿಸಬಹುದಿತ್ತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಿತು. 1916ರಲ್ಲಿ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಟಿಪ್ಪು ಸ್ವಾಮಿಗಳಿಗೆ ಬರೆಸಿದ್ದ ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠಾ ಸೈನ್ಯ ಮಠವನ್ನು ಲೂಟಿ ಮಾಡಿದ ಬಳಿಕ ಟಿಪ್ಪು ನೀಡಿದ ನೆರವಿನ ಸಂಗತಿ ಆ ಪತ್ರಗಳಿಂದ ತಿಳಿಯುತ್ತದೆ.

ಈ ಅಳತೆಗೋಲು ನಮಗೂ ಅನ್ವಯಿಸಬೇಕು. ಶೃಂಗೇರಿಯ ಪತ್ರಗಳು ದಾಖಲೆ; ಆನೆಯ ಕಣ್ಣಿನ ಕಥೆ ಐತಿಹ್ಯ. ಮನಸ್ಸಿಗೆ ಹಿಡಿಸಿತೆಂದು ಐತಿಹ್ಯವನ್ನು ದಾಖಲೆಯೆಂದು ಮುದ್ರಿಸಬಾರದು. ಕೊಡಗು, ಮಲಬಾರಿನಲ್ಲಿ ಟಿಪ್ಪುವಿನ ದಂಡಯಾತ್ರೆಗಳು ತಂದ ನೋವನ್ನು, ಶೃಂಗೇರಿಯ ಪತ್ರಗಳನ್ನು ಮುಂದಿಟ್ಟು ಮರೆಮಾಚಲೂಬಾರದು. ಹೊಗಳಿಕೆಯಿರಲಿ, ತೆಗಳಿಕೆಯಿರಲಿ, ಓದುವಾಗ ನಾವು ಮೊದಲು ಕೇಳಬೇಕಾದ್ದು ಪಾಂಡೆ ಕೇಳಿದ್ದನ್ನೇ: ಇದಕ್ಕೆ ಆಧಾರವೆಲ್ಲಿ? ಉತ್ತರ ಬಂದ ಮೇಲೆ ಆ ಪುಸ್ತಕವನ್ನು ತೆರೆದು ನೋಡುವ ಶ್ರಮವನ್ನೂ ನಾವು ಪಡಬೇಕು.