ಗಾಳಿಯಲ್ಲಿ ಎಳೆದ ಗೆರೆ



ಮಕ್ಕಳನ್ನು ನೋಡಲು ಅಮೆರಿಕಕ್ಕೋ, ಕೆಲಸದ ಮೇಲೆ ದುಬೈಗೋ ವಿಮಾನ ಹತ್ತಿದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ವಿಮಾನದ ಒಳಗೆ ಎಲ್ಲಿ ನೋಡಿದರೂ ಧೂಮಪಾನ ನಿಷೇಧದ ಗುರುತು. ಆದರೂ ಶೌಚಾಲಯದ ಬಾಗಿಲಿನಲ್ಲಿ ಪುಟ್ಟದೊಂದು ಆಶ್‌ಟ್ರೇ! ಸೇದಲೇಬಾರದು ಎಂದ ಮೇಲೆ ಇದೇಕೆ ಇಲ್ಲಿದೆ?

ಇದರ ಹಿಂದೆ ಒಂದು ದುರಂತವಿದೆ. 1973ರ ಜುಲೈ 11ರಂದು ಬ್ರೆಜಿಲ್‌ನ ರಿಯೋದಿಂದ ಪ್ಯಾರಿಸ್‌ಗೆ ಬರುತ್ತಿದ್ದ ವಾರಿಗ್ ಸಂಸ್ಥೆಯ ಬೋಯಿಂಗ್ 707 ವಿಮಾನದ ಹಿಂಬದಿಯ ಶೌಚಾಲಯದಲ್ಲಿ ಬೆಂಕಿ ಕಾಣಿಸಿಕೊಂಡಿತು. ಪೈಲಟ್‌ಗಳು ವಿಮಾನವನ್ನು ಓರ್ಲಿ ನಿಲ್ದಾಣದ ಸಮೀಪದ ಹೊಲದಲ್ಲಿ ಇಳಿಸಿದರು. ಒಳಗಿದ್ದ 134 ಮಂದಿಯಲ್ಲಿ 123 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಯಾರೋ ಕಸದ ಡಬ್ಬಿಗೆ ಹಾಕಿದ ಸಿಗರೇಟಿನ ತುಂಡು ಇದಕ್ಕೆ ಕಾರಣವಾಗಿರಬಹುದು ಎಂಬ ಶಂಕೆ ಬಲವಾಗಿತ್ತು. ಮರುವರ್ಷ ಅಮೆರಿಕದ ವಿಮಾನಯಾನ ಇಲಾಖೆ ಶೌಚಾಲಯದ ಬಳಿ ಆಶ್‌ಟ್ರೇ ಕಡ್ಡಾಯ ಮಾಡಿತು. ನಿಯಮ ಮುರಿದು ಸೇದಿದವನು ಕೂಡ ತುಂಡನ್ನು ಕಾಗದದ ಡಬ್ಬಿಗೆ ಹಾಕದಿರಲಿ ಎಂಬ ಮುನ್ನೆಚ್ಚರಿಕೆ ಅದು.

ಬೆಂಕಿಯ ಹೊಗೆ ಎಲ್ಲರ ಕಣ್ಣಿಗೂ ಬಿತ್ತು. ದಿನನಿತ್ಯದ ಸಿಗರೇಟಿನ ಹೊಗೆಯ ಬಗ್ಗೆ ಜಗತ್ತು ಎಚ್ಚರಗೊಳ್ಳಲು ಇನ್ನೂ ಬಹಳ ಕಾಲ ಹಿಡಿಯಿತು.

ಆಗೆಲ್ಲ ವಿಮಾನದಲ್ಲಿ ಕುಳಿತಲ್ಲೇ ಸಿಗರೇಟು ಹಚ್ಚಬಹುದಿತ್ತು. ಜನ ಗೊಣಗತೊಡಗಿದ ಮೇಲೆ, 1971ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸೇದದವರಿಗೆ ಬೇರೆ ಸೀಟುಗಳನ್ನು ಕೊಟ್ಟಿತು. 1973ರಲ್ಲಿ ಅಮೆರಿಕದಲ್ಲಿ ಅದೇ ನಿಯಮವಾಯಿತು. ಇಷ್ಟನೇ ಸಾಲಿನವರೆಗೆ ಸೇದುವವರು, ಅದರಾಚೆ ಸೇದದವರು! ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. ಗಾಳಿಯಲ್ಲಿ ಎಳೆದ ಗೆರೆಗೆ ಹೊಗೆ ಬೆಲೆ ಕೊಟ್ಟೀತೇ? ಅದರ ಮೇಲೆ, ಆನಂತರ ಬಂದ ಹೊಸ ವಿಮಾನಗಳಲ್ಲಿ ಇಂಧನ ಉಳಿಸಲೆಂದು ಒಳಗಿನ ಗಾಳಿಯಲ್ಲಿ ಸುಮಾರು ಅರ್ಧ ಭಾಗವನ್ನು ಮತ್ತೆ ಮತ್ತೆ ಒಳಗೇ ತಿರುಗಿಸುವ ವ್ಯವಸ್ಥೆ ಬಂತು.

ಇತ್ತ ವಿಜ್ಞಾನವೂ ಸುಮ್ಮನಿರಲಿಲ್ಲ. ಜಪಾನಿನ ತಕೇಶಿ ಹಿರಯಾಮ ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚು ಎಂದು ಅದು ಹೇಳಿತು. 1986ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಇನ್ನೂ ಸ್ಪಷ್ಟವಾಗಿ ಮಾತಾಡಿತು: ಪರರ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ, ಒಂದೇ ಗಾಳಿ ಇರುವ ಕಡೆ ಜನರನ್ನು ಬೇರೆ ಬೇರೆ ಕೂರಿಸಿದರೆ ಹೊಗೆ ಕಡಿಮೆಯಾದೀತು, ಇಲ್ಲವಾಗದು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಮಾನದೊಳಗೆ ನಿಕೋಟಿನ್ ಅಳೆದು ನೋಡಿದರು. ಸೇದದವರ ಕೆಲವು ಸೀಟುಗಳ ಬಳಿಯೂ ಸೇದುವವರ ಕಡೆ ಇದ್ದಷ್ಟೇ ಇತ್ತು!

ಪ್ರಯಾಣಿಕರಾದರೆ ಕಣ್ಣುರಿ, ತಲೆನೋವು ಹೊತ್ತು ಕೆಲವು ಗಂಟೆಗಳಲ್ಲಿ ಇಳಿದು ಹೋಗುತ್ತಿದ್ದರು. ಉಬ್ಬಸದವರ ಪಾಡು ಇನ್ನೂ ಕಷ್ಟ. ಆದರೆ ಗಗನಸಖಿಯರು? ಅವರಿಗೆ ಅದೇ ಕಚೇರಿ, ದಿನವೂ ಅದೇ ಗಾಳಿ. ಹೋರಾಟ ಹುಟ್ಟಿದ್ದೂ ಅವರಿಂದಲೇ. ಅಮೆರಿಕನ್ ಏರ್‌ಲೈನ್ಸ್‌ನ ಪ್ಯಾಟಿ ಯಂಗ್ ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿದರು. ಅದೇ ಸಂಸ್ಥೆಯ ನಾರ್ಮಾ ಬ್ರೋಯಿನ್ ಒಂದು ಸಿಗರೇಟನ್ನೂ ಸೇದಿದವರಲ್ಲ. 1989ರಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. 1991ರಲ್ಲಿ ಅವರ ಹೆಸರಿನಲ್ಲಿ, ಸಾವಿರಾರು ಸಹೋದ್ಯೋಗಿಗಳ ಪರವಾಗಿ, ಮಯಾಮಿಯಲ್ಲಿ ತಂಬಾಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. 1997ರಲ್ಲಿ ರಾಜಿಯಾಯಿತು. ಪರರ ಹೊಗೆಯಿಂದ ಬರುವ ರೋಗಗಳ ಸಂಶೋಧನೆಗೆ ಕಂಪನಿಗಳು 30 ಕೋಟಿ ಡಾಲರ್ ಕೊಡಲು ಒಪ್ಪಿದವು.

ಈ ನಡುವೆ ಕಾನೂನು ಒಂದೊಂದೇ ಮೆಟ್ಟಿಲು ಹತ್ತಿತು. ಅಮೆರಿಕದ ದೇಶೀಯ ಹಾರಾಟಗಳಲ್ಲಿ 1988ರಲ್ಲಿ ಎರಡು ಗಂಟೆವರೆಗಿನವುಗಳಲ್ಲಿ ಸಿಗರೇಟು ನಿಂತಿತು, 1990ರಲ್ಲಿ ಆರು ಗಂಟೆವರೆಗಿನವುಗಳಲ್ಲಿ. ದೇಶದಿಂದ ದೇಶಕ್ಕೆ ಹಾರುವವರಿಗೆ ಬಿಡುಗಡೆ ತಡವಾಗಿ ಸಿಕ್ಕಿತು, ಹತ್ತು ಹನ್ನೆರಡು ಗಂಟೆ ಹೊಗೆ ಕುಡಿಯುತ್ತಿದ್ದವರು ಅವರೇ ಆದರೂ! ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ 1996ರ ಜುಲೈ 1ರೊಳಗೆ ಹೊಗೆಮುಕ್ತವಾಗಲಿ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1992ರಲ್ಲಿ ಕರೆಕೊಟ್ಟಿತು. ಅಮೆರಿಕಕ್ಕೆ ಹೋಗಿಬರುವ ಎಲ್ಲ ವಿಮಾನಗಳಲ್ಲಿ ನಿಷೇಧ ಜಾರಿಯಾದದ್ದು 2000ದ ಜೂನ್‌ನಲ್ಲಿ.

ನಮ್ಮ ದೇಶದಲ್ಲೂ ಒಬ್ಬರು ಕೋರ್ಟಿನ ಬಾಗಿಲು ತಟ್ಟಿದರು. ಮುಂಬಯಿಯ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯ, ರೈಲು ಮುಂತಾದ ಕಡೆ ಸಿಗರೇಟು ಸೇದುವುದನ್ನು ತಡೆಯಿತು. 2003ರಲ್ಲಿ ಕಾಯಿದೆ ಬಂತು. ಆದರೆ ವಿಮಾನ ನಿಲ್ದಾಣಗಳಲ್ಲಿ ಸೇದುವವರಿಗೆ ಬೇರೆ ಜಾಗ ಮಾಡಲು ಅದು ಅವಕಾಶ ಉಳಿಸಿತು.

ಅಂದರೆ ಹಳೆಯ ಗೆರೆ ವಿಮಾನದಿಂದ ಇಳಿದು ನಿಲ್ದಾಣದ ಗಾಜಿನ ಕೋಣೆಗೆ ಬಂದು ಕುಳಿತಿದೆ! ಕೋಣೆಗೆ ಗೋಡೆಯಿದೆ ನಿಜ, ಬಾಗಿಲೂ ಇದೆ. ಆದರೆ ಬಾಗಿಲು ತೆರೆಯುತ್ತಲೇ ಇರುತ್ತದೆ. 2012ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕೆಲವು ನಿಲ್ದಾಣಗಳಲ್ಲಿ ಅಳತೆ ಮಾಡಿದಾಗ, ಇಂಥ ಜಾಗಗಳ ಪಕ್ಕದ ಗಾಳಿಯಲ್ಲಿ ಹೊಗೆಯ ಮಾಲಿನ್ಯ ಹೊಗೆಮುಕ್ತ ನಿಲ್ದಾಣಗಳಿಗಿಂತ ಸರಾಸರಿ ಐದು ಪಟ್ಟು ಹೆಚ್ಚಿತ್ತು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು 2006ರ ಸರ್ಜನ್ ಜನರಲ್ ವರದಿ ಹೇಳಿಯಾಗಿತ್ತು.

ಮುಂದಿನ ಸಲ ನಡುದಾರಿಯ ಯಾವುದೋ ಊರಿನಲ್ಲಿ ಮೂರು ಗಂಟೆ ಕಾಯಬೇಕಾಗಿ ಬಂದರೆ, ಆ ಗಾಜಿನ ಕೋಣೆಯ ಪಕ್ಕದ ಖಾಲಿ ಕುರ್ಚಿಗೆ ಮಾರುಹೋಗಬೇಡಿ. ಹೃದ್ರೋಗವಿರುವ ಅಪ್ಪನೋ, ಉಬ್ಬಸದ ಮಗುವೋ ಜೊತೆಗಿದ್ದರಂತೂ ನಾಲ್ಕು ಹೆಜ್ಜೆ ಹೆಚ್ಚು ನಡೆದು ದೂರ ಕೂರಿಸಿ. ವಿಮಾನದೊಳಗೆ ಆ ಆಶ್‌ಟ್ರೇ ಕಂಡಾಗ ಒಂದು ಕ್ಷಣ ನಾರ್ಮಾ ಬ್ರೋಯಿನ್ ಅವರನ್ನು ನೆನೆಯಿರಿ. ನಾವು ಎಳೆದುಕೊಳ್ಳುವ ಶುದ್ಧ ಗಾಳಿಗೆ ಅವರಂಥವರು ಬೆಲೆ ತೆತ್ತಿದ್ದಾರೆ.

ಶುಭ ಪ್ರಯಾಣ!